ಜಿಡ್ಡು ಕೃಷ್ಣಮೂರ್ತಿಯವರ ಜನ್ಮಕುಂಡಲಿ ಹಾಕುವುದು ಹೇಗೆ: ತಾರೀಖಿನಿಂದ ದಶೆಯವರೆಗೆ ಹಂತ ಹಂತವಾಗಿ

ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರ ಜಾತಕವನ್ನು ಅಭ್ಯಾಸಕ್ಕೆ ಎತ್ತಿಕೊಂಡವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಒಬ್ಬರಿಗೆ ಜ್ಯೇಷ್ಠಾ ನಕ್ಷತ್ರ ಬರುತ್ತದೆ, ಇನ್ನೊಬ್ಬರಿಗೆ ಮೂಲಾ. ಒಬ್ಬರ ಕುಂಡಲಿಯಲ್ಲಿ ಮಕರ ಲಗ್ನ (ಹುಟ್ಟಿದ ಕ್ಷಣದಲ್ಲಿ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿ), ಇನ್ನೊಬ್ಬರದರಲ್ಲಿ ಕುಂಭ, ಮತ್ತೊಬ್ಬರದರಲ್ಲಿ ಸಿಂಹ. ಎಲ್ಲರೂ ಒಂದೇ ಜನನ ವಿವರದಿಂದ ಹೊರಟವರೇ, ಎಲ್ಲರ ತಂತ್ರಾಂಶದ ಲೆಕ್ಕವೂ ಸರಿಯೇ. ವ್ಯತ್ಯಾಸ ಹುಟ್ಟುವುದು ತಂತ್ರಾಂಶಕ್ಕೆ ವಿವರವನ್ನು ಊಡಿಸುವ ಮೊದಲ ಎರಡು ನಿಮಿಷಗಳಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲ ಹಂತಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹಂತಗಳ ಕ್ರಮವನ್ನು ಬದಲಿಸಬೇಡಿ. ಒಂದರ ಉತ್ತರ ಸಿಗದೆ ಮುಂದಿನದಕ್ಕೆ ಹೋದರೆ ಕೊನೆಗೆ ತಪ್ಪು ಎಲ್ಲಿ ನುಸುಳಿತೆಂದು ಹುಡುಕಲು ಆಗುವುದಿಲ್ಲ.

ಕೈಯಲ್ಲಿ ಇರಬೇಕಾದವು

ಹಳೆಯ ವರ್ಷಗಳ ಲೆಕ್ಕ ಮಾಡಬಲ್ಲ, ಕಾಲವಲಯವನ್ನು ಕೈಯಾರೆ ನಮೂದಿಸಲು ಬಿಡುವ ಒಂದು ಜ್ಯೋತಿಷ ತಂತ್ರಾಂಶ ಬೇಕು. ಜಗನ್ನಾಥ ಹೋರಾದಂಥದ್ದು ಸಾಕು. ಊರಿನ ಹೆಸರು ಕೊಟ್ಟ ಕೂಡಲೇ ಕಾಲವಲಯವನ್ನು ತಾನೇ ತುಂಬಿ, ಬದಲಿಸಲು ಬಿಡದ ಮೊಬೈಲ್ ಆ್ಯಪ್‌ಗಳು ಈ ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ಒಂದು ಹಾಳೆ, ಪೆನ್ಸಿಲ್, ಸಾಮಾನ್ಯ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ತಂತ್ರಾಂಶ ಕೊಟ್ಟ ಉತ್ತರವನ್ನು ಒಮ್ಮೆ ಕೈಯಲ್ಲಿ ತಾಳೆ ನೋಡದೆ ನಂಬುವುದು ಈ ಜಾತಕದಲ್ಲಿ ಅಪಾಯಕಾರಿ. ಕಾರಣ ಏಳನೆಯ ಹಂತದಲ್ಲಿ ಸ್ಪಷ್ಟವಾಗುತ್ತದೆ.

ಹಂತ 1: ತಾರೀಖನ್ನು ಇತ್ಯರ್ಥ ಮಾಡಿಕೊಳ್ಳಿ

ಕೃಷ್ಣಮೂರ್ತಿಯವರು ಹುಟ್ಟಿದ್ದು ಈಗಿನ ಆಂಧ್ರಪ್ರದೇಶದ ಮದನಪಲ್ಲಿಯಲ್ಲಿ, 1895ರ ಮೇ ತಿಂಗಳಲ್ಲಿ, ನಡುರಾತ್ರಿ ಕಳೆದು ಅರ್ಧ ಗಂಟೆಗೆ. ಕೆಲವು ಬರಹಗಳಲ್ಲಿ ಮೇ 11 ಎಂದಿದೆ, ಕೆಲವದರಲ್ಲಿ ಮೇ 12 ಎಂದಿದೆ. ಎರಡೂ ಸರಿ. ನಮ್ಮ ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ. ಹಾಗಾಗಿ ಮೇ 11ರ ಸೂರ್ಯೋದಯದಿಂದ ಆರಂಭವಾದ ಶನಿವಾರ ಆ ರಾತ್ರಿಯ 12 ಗಂಟೆ 30 ನಿಮಿಷಕ್ಕೂ ನಡೆಯುತ್ತಲೇ ಇತ್ತು. ಇಂಗ್ಲಿಷ್ ತಾರೀಖಾದರೋ ನಡುರಾತ್ರಿಗೇ ಬದಲಾಗಿ ಮೇ 12, ಭಾನುವಾರ ಆಗಿತ್ತು. ಮನೆಯವರು ಹೇಳುವ 11 ಪಂಚಾಂಗದ ದಿನ. ತಂತ್ರಾಂಶ ಕೇಳುವುದು ಇಂಗ್ಲಿಷ್ ತಾರೀಖು. ಆದ್ದರಿಂದ ನಮೂದಿಸಬೇಕಾದದ್ದು 12 ಮೇ 1895, ಬೆಳಗಿನ ಜಾವದ 0 ಗಂಟೆ 30 ನಿಮಿಷ.

ಇಲ್ಲಿ ಆಗುವ ತಪ್ಪುಗಳು ಎರಡು. ಮೊದಲನೆಯದು, ಮೇ 11 ಎಂದು ಬರೆದು 0 ಗಂಟೆ 30 ನಿಮಿಷ ಎಂದು ಕೊಡುವುದು. ಹೀಗೆ ಮಾಡಿದರೆ ಕುಂಡಲಿ ಪೂರ್ತಿ 24 ಗಂಟೆ ಹಿಂದಕ್ಕೆ ಸರಿಯುತ್ತದೆ. ಚಂದ್ರ ವೃಶ್ಚಿಕ ರಾಶಿಯ ಜ್ಯೇಷ್ಠಾ ನಕ್ಷತ್ರದಲ್ಲಿ ಕೂರುತ್ತಾನೆ, ಕೇತು ದಶೆಯ (ದಶೆ ಎಂದರೆ ಒಂದು ಗ್ರಹದ ಪಾಲಿಗೆ ಬರುವ ವರ್ಷಗಳ ಅವಧಿ) ಬದಲು ಬುಧ ದಶೆ ಬರುತ್ತದೆ, ಅದರಲ್ಲಿ ಸುಮಾರು ಹನ್ನೆರಡೂವರೆ ವರ್ಷ ಉಳಿಕೆ ತೋರಿಸುತ್ತದೆ. ಆದರೆ ಲಗ್ನ ಮಾತ್ರ ದಿನಕ್ಕೆ ಸುಮಾರು ಒಂದು ಡಿಗ್ರಿಯಷ್ಟೇ ವ್ಯತ್ಯಾಸವಾಗಿ ಮಕರವಾಗಿಯೇ ಉಳಿಯುತ್ತದೆ. ರವಿ, ಗುರು, ಶನಿ, ರಾಹು ಎಲ್ಲರೂ ಇದ್ದ ರಾಶಿಯಲ್ಲೇ ಇರುತ್ತಾರೆ. ಕುಂಡಲಿ ನೋಡಲು ಸರಿಯಾಗಿಯೇ ಕಾಣುವುದರಿಂದ ಎಷ್ಟೋ ಜನ ಈ ತಪ್ಪಿನ ಮೇಲೆಯೇ ಪುಟಗಟ್ಟಲೆ ಫಲ ಬರೆದಿದ್ದಾರೆ. ಎಚ್ಚರಿಕೆಯ ಗುರುತು ವಾರದಲ್ಲಿದೆ: ತಂತ್ರಾಂಶ ಶುಕ್ರವಾರ ಎಂದು ತೋರಿಸಿದರೆ ನೀವು ಒಂದು ದಿನ ಹಿಂದೆ ಇದ್ದೀರಿ.

ಎರಡನೆಯದು, 12 ಗಂಟೆ 30 ನಿಮಿಷವನ್ನು ಮಧ್ಯಾಹ್ನವೆಂದು ಕೊಡುವುದು. ಆಗ ಸಿಂಹ ಲಗ್ನ ಬರುತ್ತದೆ. 24 ಗಂಟೆಯ ಗಡಿಯಾರದಲ್ಲಿ 00:30 ಎಂದು ಬರೆಯುವ ಅಭ್ಯಾಸ ಮಾಡಿಕೊಂಡರೆ ಈ ತಪ್ಪು ಆಗುವುದೇ ಇಲ್ಲ.

ಹಂತ 2: ಆ ಕಾಲದ ಗಡಿಯಾರವನ್ನು ಅರ್ಥ ಮಾಡಿಕೊಳ್ಳಿ

ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಿಂದ. 1895ರಲ್ಲಿ ಮದನಪಲ್ಲಿಯಲ್ಲಿ ಹುಟ್ಟಿದ ಮಗುವಿಗೆ ಗ್ರೀನ್‌ವಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿರುವ ಕಾಲವನ್ನು ಹಚ್ಚುವುದು ಇಲ್ಲದ ಗಡಿಯಾರವನ್ನು ನೋಡಿದಂತೆ. ತಂತ್ರಾಂಶಗಳು ಭಾರತದ ಊರೆಂದ ಕೂಡಲೇ 5:30 ಎಂದು ತುಂಬುತ್ತವೆ, ಅದನ್ನು ಅಳಿಸಿ.

ಮದನಪಲ್ಲಿಯ ರೇಖಾಂಶ ಪೂರ್ವಕ್ಕೆ 78 ಡಿಗ್ರಿ 30 ಕಲೆ (ಒಂದು ಡಿಗ್ರಿಗೆ 60 ಕಲೆ). ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ 78.5ನ್ನು 4ರಿಂದ ಗುಣಿಸಿದರೆ 314 ನಿಮಿಷ, ಅಂದರೆ 5 ಗಂಟೆ 14 ನಿಮಿಷ. ಇದು ಊರಿನ ಸ್ಥಳೀಯ ಮಧ್ಯಮ ಕಾಲ. ಕಾಲವಲಯದ ಜಾಗದಲ್ಲಿ ಪೂರ್ವ 5:14 ಎಂದು ಕೊಡಿ. ಆಗ ಗ್ರೀನ್‌ವಿಚ್ ಕಾಲ ಮೇ 11ರ ಸಂಜೆ 7 ಗಂಟೆ 16 ನಿಮಿಷ ಬರುತ್ತದೆ. ಇಲ್ಲಿ ಮತ್ತೆ 11 ಕಾಣಿಸಿಕೊಳ್ಳುವುದರಿಂದ ಗಾಬರಿಯಾಗಿ ಮೊದಲ ಹಂತದ ತಾರೀಖನ್ನು ತಿದ್ದಬೇಡಿ. ಗ್ರೀನ್‌ವಿಚ್‌ನಲ್ಲಿ ಆಗ ಇನ್ನೂ ಹಿಂದಿನ ದಿನವಿತ್ತು, ಅಷ್ಟೇ. ಪಂಚಾಂಗದ 11ಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ಸಾಧ್ಯತೆಯನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಆ ಕಾಲದ ರೈಲು ಮತ್ತು ತಂತಿ ಇಲಾಖೆಗಳು ಮದ್ರಾಸ್ ಸಮಯವನ್ನು ಬಳಸುತ್ತಿದ್ದವು. ಅದು ಗ್ರೀನ್‌ವಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ಮನೆಯ ಗಡಿಯಾರವನ್ನು ಆ ಸಮಯಕ್ಕೆ ಹೊಂದಿಸಿದ್ದರೆ ಏಳು ನಿಮಿಷದ ವ್ಯತ್ಯಾಸ ಬರುತ್ತದೆ. ಬೇರೆ ಜಾತಕದಲ್ಲಿ ಏಳು ನಿಮಿಷವನ್ನು ನಿರ್ಲಕ್ಷಿಸಬಹುದಿತ್ತು. ಇಲ್ಲಿ ಆಗುವುದಿಲ್ಲ.

ಹಂತ 3: ಸ್ಥಳವನ್ನು ಅಂಕಿಗಳಲ್ಲಿ ಕೊಡಿ

ಅಕ್ಷಾಂಶ ಉತ್ತರ 13 ಡಿಗ್ರಿ 33 ಕಲೆ, ರೇಖಾಂಶ ಪೂರ್ವ 78 ಡಿಗ್ರಿ 30 ಕಲೆ. ಊರಿನ ಪಟ್ಟಿಯಿಂದ ಆರಿಸಿದರೆ ಕಾಲವಲಯ ಮತ್ತೆ 5:30ಕ್ಕೆ ಜಿಗಿಯುವುದುಂಟು, ಆದ್ದರಿಂದ ಸ್ಥಳವನ್ನು ಮೊದಲು ಕೊಟ್ಟು ಕಾಲವಲಯವನ್ನು ಕೊನೆಗೆ ತಿದ್ದಿ.

ಹಂತ 4: ಅಯನಾಂಶವನ್ನು ಆರಿಸಿ, ಆರಿಸಿದ್ದನ್ನು ಬರೆದಿಡಿ

ರಾಶಿಚಕ್ರವನ್ನು ವಿಷುವದ್ಬಿಂದುವಿನಿಂದ ಅಳೆಯುವುದು ಸಾಯನ, ಸ್ಥಿರ ನಕ್ಷತ್ರಗಳಿಂದ ಅಳೆಯುವುದು ನಿರಯನ; ಎರಡರ ನಡುವಿನ ಅಂತರವೇ ಅಯನಾಂಶ. ಸಾಯನ ಲೆಕ್ಕದಲ್ಲಿ ಲಗ್ನ ಕುಂಭದ 20 ಡಿಗ್ರಿ 51 ಕಲೆಯ ಸುಮಾರಿಗೆ ಬರುತ್ತದೆ. ಪಾಶ್ಚಾತ್ಯ ಪದ್ಧತಿಯವರು ಕೃಷ್ಣಮೂರ್ತಿಯವರದು ಕುಂಭ ಲಗ್ನ ಎನ್ನುವುದು ಇದರಿಂದಲೇ. ಅದನ್ನು ನೋಡಿ ನಮ್ಮ ನಿರಯನ ಕುಂಡಲಿಯಲ್ಲೂ ಕುಂಭವೇ ಇರಬೇಕೆಂದು ಸಮಯವನ್ನು ಹಿಂದೆ ಮುಂದೆ ಎಳೆಯುವವರಿದ್ದಾರೆ. ಎರಡು ಪದ್ಧತಿಗಳನ್ನು ಹಾಗೆ ಬೆರೆಸಬಾರದು.

ಲಾಹಿರಿ ಅಯನಾಂಶ ಆ ದಿನ ಸುಮಾರು 22 ಡಿಗ್ರಿ 24 ಕಲೆ. ಬೆಂಗಳೂರಿನ ಬಿ. ವಿ. ರಾಮನ್ ಅವರು ಬಳಕೆಗೆ ತಂದ ಅಯನಾಂಶವು ಕ್ರಿ.ಶ. 397ನ್ನು ಶೂನ್ಯ ವರ್ಷವಾಗಿ ಇಟ್ಟುಕೊಳ್ಳುವುದರಿಂದ ಲಾಹಿರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಕನ್ನಡ ನಾಡಿನಲ್ಲಿ ಅವರ ಪುಸ್ತಕಗಳಿಂದ ಕಲಿತವರು ಬಹಳ. ಹಾಗಾಗಿ ನಮ್ಮವರ ಕೈಯಲ್ಲಿ ಎರಡೂ ಅಯನಾಂಶಗಳ ಕುಂಡಲಿಗಳು ಓಡಾಡುತ್ತವೆ. ಯಾವುದನ್ನಾದರೂ ಹಿಡಿಯಿರಿ, ಆದರೆ ಲಗ್ನಕ್ಕೆ ಒಂದು, ದಶೆಗೆ ಇನ್ನೊಂದು ಎಂದು ಬದಲಿಸಬೇಡಿ. ಮುಂದಿನ ಅಂಕಿಗಳೆಲ್ಲ, ಬೇರೆ ಹೇಳದಿದ್ದರೆ, ಲಾಹಿರಿಯವು.

ಹಂತ 5: ಪಂಚಾಂಗದ ಜೊತೆ ತಾಳೆ ನೋಡಿ

ಕುಂಡಲಿಯ ಮನೆಗಳನ್ನು ನೋಡುವ ಮೊದಲು ಜನನಕಾಲದ ಪಂಚಾಂಗ ಹೀಗೆ ಬಂದಿದೆಯೇ ಎಂದು ನೋಡಿ: ಮನ್ಮಥ ಸಂವತ್ಸರ, ಶಾಲಿವಾಹನ ಶಕ 1817, ವೈಶಾಖ ಬಹುಳ ತದಿಗೆ, ಶನಿವಾರ, ಮೂಲಾ ನಕ್ಷತ್ರ ಒಂದನೆಯ ಪಾದ (ನಕ್ಷತ್ರದ ಮೊದಲ ಕಾಲು ಭಾಗ). ಮದನಪಲ್ಲಿಯಲ್ಲಿ ಅಂದಿನ ಸೂರ್ಯೋದಯ ಸ್ಥಳೀಯ ಕಾಲದಲ್ಲಿ ಬೆಳಿಗ್ಗೆ ಸುಮಾರು 5 ಗಂಟೆ 35 ನಿಮಿಷಕ್ಕೆ. ಅಲ್ಲಿಂದ ಜನನದವರೆಗೆ 18 ಗಂಟೆ 55 ನಿಮಿಷ, ಅಂದರೆ ಸೂರ್ಯೋದಯಾದಿ ಗತ ಘಟಿ (ಸೂರ್ಯೋದಯದಿಂದ ಕಳೆದ ಘಟಿ; ಒಂದು ಘಟಿಗೆ 24 ನಿಮಿಷ) 47ರ ಮೇಲೆ ಕಾಲು. ಹಳೆಯ ಪದ್ಧತಿಯಲ್ಲಿ ಘಟಿಯಿಂದ ಲಗ್ನ ತೆಗೆಯುವವರು ಈ ಅಂಕಿಯನ್ನು ಬಳಸಬಹುದು.

ಈ ತಾಳೆಯಲ್ಲಿ ಒಂದು ಸೂಕ್ಷ್ಮವಿದೆ. ಶನಿವಾರ ಸೂರ್ಯೋದಯಕ್ಕೆ ಇದ್ದ ನಕ್ಷತ್ರ ಜ್ಯೇಷ್ಠಾ. ಅದು ಮುಗಿದು ಮೂಲಾ ಹಿಡಿದದ್ದು ಸಂಜೆ 7 ಗಂಟೆಯ ಸುಮಾರಿಗೆ. ಪಂಚಾಂಗದಲ್ಲಿ ಶನಿವಾರದ ಸಾಲಿನಲ್ಲಿ ಮೊದಲು ಕಾಣುವ ಹೆಸರನ್ನಷ್ಟೇ ಎತ್ತಿಕೊಂಡರೆ ಜ್ಯೇಷ್ಠಾ ಎಂದು ಬರೆದುಬಿಡುತ್ತೀರಿ. ಅದೇ ರೀತಿ ಭಾನುವಾರದ ಸಾಲನ್ನು ನೋಡಿದವರು ಚೌತಿ ಎಂದು ಬರೆಯುತ್ತಾರೆ, ಏಕೆಂದರೆ ಜನನದ ಬಳಿಕ ಮೂರು ಗಂಟೆಯೊಳಗೆ ತದಿಗೆ ಮುಗಿದು ಭಾನುವಾರದ ಸೂರ್ಯೋದಯಕ್ಕೆ ಚೌತಿ ಬಂದಿತ್ತು. ಸಾಲಿನ ಹೆಸರಿಗಿಂತ ಅದರ ಪಕ್ಕದಲ್ಲಿರುವ ಘಟಿ-ವಿಘಟಿಯನ್ನು ಓದುವುದು ಇಲ್ಲಿ ಮುಖ್ಯ.

ಹಂತ 6: ರಾಶಿ ಕುಂಡಲಿ ಬರೆಯಿರಿ

ನಮ್ಮ ಕಡೆಯ ಚೌಕ ಕುಂಡಲಿಯಲ್ಲಿ ಮೇಲಿನ ಸಾಲಿನ ಎಡ ಮೂಲೆ ಮೀನ. ಅಲ್ಲಿಂದ ಬಲಕ್ಕೆ ಮೇಷ, ವೃಷಭ, ಮಿಥುನ, ಹೀಗೆ ಪ್ರದಕ್ಷಿಣವಾಗಿ ಬರೆಯುತ್ತಾ ಹೋಗಿ. ಗ್ರಹಗಳು ಕೂರಬೇಕಾದ ಜಾಗ ಇಂತಿದೆ.

ಲಗ್ನ: ಮಕರ, ಸುಮಾರು 28 ಡಿಗ್ರಿ 27 ಕಲೆ
ರವಿ: ಮೇಷ, ಸುಮಾರು 28 ಡಿಗ್ರಿ 25 ಕಲೆ
ಚಂದ್ರ: ಧನು, 3 ಡಿಗ್ರಿಗೆ ಒಂದೆರಡು ಕಲೆ ಹಿಂದೆ ಮುಂದೆ
ಬುಧ: ವೃಷಭ
ಶುಕ್ರ, ಗುರು, ಕುಜ: ಮೂವರೂ ಮಿಥುನ
ಶನಿ: ತುಲಾ, ವಕ್ರ
ರಾಹು: ಕುಂಭ; ಕೇತು: ಸಿಂಹ

ಬರೆದ ಮೇಲೆ ಎರಡು ಸರಳ ಪರೀಕ್ಷೆ ಮಾಡಿ. ನಡುರಾತ್ರಿಯ ಜನನವಾದ್ದರಿಂದ ರವಿ ಲಗ್ನದಿಂದ ನಾಲ್ಕನೆಯ ಮನೆಯ ಆಸುಪಾಸಿನಲ್ಲೇ ಇರಬೇಕು. ಮಕರದಿಂದ ಮೇಷ ನಾಲ್ಕನೆಯದು, ಸರಿಯಾಗಿದೆ. ಬಹುಳ ತದಿಗೆಯಾದ್ದರಿಂದ ಚಂದ್ರ ರವಿಯಿಂದ ಎಂಟು ಅಥವಾ ಒಂಬತ್ತನೆಯ ರಾಶಿಯಲ್ಲಿರಬೇಕು. ಮೇಷದಿಂದ ಧನು ಒಂಬತ್ತನೆಯದು, ಅದೂ ಸರಿ. ರವಿ ಹತ್ತನೆಯ ಮನೆಯ ಕಡೆ ಬಂದಿದ್ದರೆ ಮಧ್ಯಾಹ್ನದ ಸಮಯ ಕೊಟ್ಟಿದ್ದೀರಿ ಎಂದರ್ಥ.

ಕೈಲೆಕ್ಕದ ತಾಳೆಗೆ ಇನ್ನೊಂದು ಅಂಕಿ ಸಹಾಯ ಮಾಡುತ್ತದೆ: ಜನನ ಕ್ಷಣದ ಸ್ಥಳೀಯ ನಾಕ್ಷತ್ರ ಕಾಲ (ನಕ್ಷತ್ರಗಳ ಚಲನೆಯಿಂದ ಅಳೆಯುವ ಕಾಲ) ಸುಮಾರು 15 ಗಂಟೆ 47 ನಿಮಿಷ. ತಂತ್ರಾಂಶ ತೋರಿಸುವ ನಾಕ್ಷತ್ರ ಕಾಲ 15 ಗಂಟೆ 31 ನಿಮಿಷದ ಹತ್ತಿರವಿದ್ದರೆ ಕಾಲವಲಯ ಇನ್ನೂ 5:30ರಲ್ಲೇ ಉಳಿದಿದೆ. 16 ನಿಮಿಷದ ಈ ಕೊರತೆ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ.

ಹಂತ 7: ಲಗ್ನಸಂಧಿಯನ್ನು ಎದುರಿಸಿ

ಲಗ್ನಸಂಧಿ ಎಂದರೆ ಲಗ್ನ ಎರಡು ರಾಶಿಗಳ ಗಡಿಯಲ್ಲಿರುವುದು. ಈ ಜಾತಕದ ಕಠಿಣ ಗಂಟು ಇಲ್ಲಿದೆ. ಇಲ್ಲಿ ನಿಧಾನವಾಗಿ ಹೋಗೋಣ. ಲಗ್ನ ಮಕರದ ಕೊನೆಯ ಎರಡು ಡಿಗ್ರಿಯೊಳಗೆ ಇದೆ. ಆ ಹೊತ್ತಿನಲ್ಲಿ ಮದನಪಲ್ಲಿಯ ಅಕ್ಷಾಂಶದಲ್ಲಿ ಲಗ್ನ ಒಂದು ಡಿಗ್ರಿ ಸರಿಯಲು ಮೂರೂವರೆ ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಅಂದರೆ ಜನನ 12 ಗಂಟೆ 30 ನಿಮಿಷದ ಬದಲು 12 ಗಂಟೆ 36 ನಿಮಿಷಕ್ಕೆ ಆಗಿದ್ದರೆ ಲಗ್ನ ಕುಂಭ. ನಡುರಾತ್ರಿ ಪ್ರಸವದ ಮನೆಯಲ್ಲಿ ಸಮಯವನ್ನು ಅರ್ಧ ಗಂಟೆ ಎಂದು ಹೇಳುವಾಗ ಐದಾರು ನಿಮಿಷ ಆಚೀಚೆ ಆಗುವುದು ಸಹಜ ಎಂಬುದನ್ನು ಮರೆಯಬಾರದು.

ಒಂದೇ ಹಾಳೆಯ ಮೇಲೆ ನಾಲ್ಕು ಲೆಕ್ಕಗಳನ್ನು ಅಕ್ಕಪಕ್ಕ ಬರೆದು ನೋಡಿದೆ. ಪ್ರಮಾಣ ಸಮಯ ಹಿಡಿದರೆ ಮಕರ 24 ಡಿಗ್ರಿ. ಮದ್ರಾಸ್ ಸಮಯ ಹಿಡಿದರೆ ಮಕರ 26 ಡಿಗ್ರಿ 30 ಕಲೆಯ ಹತ್ತಿರ. ಸ್ಥಳೀಯ ಕಾಲಕ್ಕೆ ಮಕರ 28 ಡಿಗ್ರಿ 27 ಕಲೆ. ಅದೇ ಸ್ಥಳೀಯ ಕಾಲಕ್ಕೆ ರಾಮನ್ ಅಯನಾಂಶ ಹಚ್ಚಿದರೆ ಮಕರ 29 ಡಿಗ್ರಿ 50 ಕಲೆಯನ್ನೂ ದಾಟಿ ಕುಂಭದ ಹೊಸ್ತಿಲಲ್ಲಿ ನಿಲ್ಲುತ್ತದೆ. ಆ ಕೊನೆಯ ಲೆಕ್ಕದಲ್ಲಿ ಒಂದು ನಿಮಿಷವೂ ಲಗ್ನವನ್ನು ಬದಲಿಸಬಲ್ಲದು. ನವಾಂಶವೂ (ಪ್ರತಿ ರಾಶಿಯನ್ನು ಒಂಬತ್ತು ಭಾಗ ಮಾಡಿ ಹಾಕುವ ಕುಂಡಲಿ) ಹಾಗೆಯೇ: ಮಕರದ 26 ಡಿಗ್ರಿ 40 ಕಲೆಯ ಈಚೆ ನವಾಂಶ ಲಗ್ನ ಸಿಂಹ, ಆಚೆ ಕನ್ಯಾ. ಪ್ರಮಾಣ ಸಮಯ ಮತ್ತು ಮದ್ರಾಸ್ ಸಮಯದವರಿಗೆ ಸಿಂಹ, ಸ್ಥಳೀಯ ಕಾಲದವರಿಗೆ ಕನ್ಯಾ.

ಪರಿಣಾಮ ಸಣ್ಣದಲ್ಲ. ಮಕರ ಲಗ್ನವಾದರೆ ಮಿಥುನದ ಮೂರು ಗ್ರಹಗಳು ಆರನೆಯ ಮನೆ, ಉಚ್ಚ ರಾಶಿಯ ಶನಿ ಹತ್ತನೆಯ ಮನೆ, ಚಂದ್ರ ಹನ್ನೆರಡನೆಯ ಮನೆ. ಕುಂಭ ಲಗ್ನವಾದರೆ ಅದೇ ಮೂರು ಗ್ರಹಗಳು ಐದನೆಯ ಮನೆ, ಶನಿ ಒಂಬತ್ತನೆಯ ಮನೆ, ಚಂದ್ರ ಹನ್ನೊಂದನೆಯ ಮನೆ. ಬುದ್ಧಿ, ವಿದ್ಯೆ, ಶಿಷ್ಯವರ್ಗಕ್ಕೆ ಐದನೆಯ ಮನೆಯನ್ನು, ಗುರುತನಕ್ಕೆ ಒಂಬತ್ತನೆಯ ಮನೆಯನ್ನು ನೋಡುವ ರೂಢಿ ಇರುವುದರಿಂದ, ತತ್ವಚಿಂತಕರಿಗೆ ಕುಂಭವೇ ಒಪ್ಪುತ್ತದೆ ಎಂದು ಹಲವರು ಜಾರುತ್ತಾರೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಉತ್ತರಕ್ಕೆ ಹೊಂದುವಂತೆ ತಿದ್ದುವುದು ಇದು. ಸಮಯ ಶುದ್ಧಿ ಎಂದು ಇದನ್ನು ಕರೆಯಲು ನಾನು ಒಪ್ಪುವುದಿಲ್ಲ.

ದಾಖಲಾದ ಸಮಯವನ್ನು ಹಾಗೆಯೇ ಉಳಿಸಿಕೊಂಡು ಭಾವ ಕುಂಡಲಿ (ರಾಶಿಯ ಗಡಿಯ ಬದಲು ಲಗ್ನದ ಡಿಗ್ರಿಯಿಂದ ಮನೆಗಳನ್ನು ಎಣಿಸುವ ಕುಂಡಲಿ) ಹಾಕುವುದು ನನ್ನ ಸಲಹೆ. ಶ್ರೀಪತಿ ಪದ್ಧತಿಯಲ್ಲಿ ಲಗ್ನದ ಡಿಗ್ರಿಯೇ ಮೊದಲ ಭಾವದ ಮಧ್ಯ. ದಶಮ ಭಾವ ಮಧ್ಯ ವೃಶ್ಚಿಕದ 6 ಡಿಗ್ರಿ 40 ಕಲೆಯ ಹತ್ತಿರ ಬರುತ್ತದೆ. ಐದು ಮತ್ತು ಆರನೆಯ ಭಾವಗಳ ಸಂಧಿ ಮಿಥುನದ 17 ಡಿಗ್ರಿ 30 ಕಲೆಯ ಆಸುಪಾಸು. ಆದ್ದರಿಂದ ಮಿಥುನದ ಮೂವರಲ್ಲಿ ಶುಕ್ರ ಮತ್ತು ಗುರು ಐದನೆಯ ಭಾವಕ್ಕೆ ಸೇರುತ್ತಾರೆ, ಕುಜ ಮಾತ್ರ ಆರರಲ್ಲಿ ಉಳಿಯುತ್ತಾನೆ. ಚಂದ್ರ ಹನ್ನೊಂದನೆಯ ಭಾವ, ಶನಿ ಒಂಬತ್ತನೆಯ ಭಾವ. ರವಿ ನಾಲ್ಕರಲ್ಲೇ ಇರುತ್ತಾನೆ. ಭಾವ ಮಧ್ಯಗಳು ಡಿಗ್ರಿಯಿಂದ ಡಿಗ್ರಿಗೆ ನಿಧಾನವಾಗಿ ಸರಿಯುವುದರಿಂದ ಲಗ್ನ ಮಕರದ 28 ಆಗಲಿ ಕುಂಭದ ಅರ್ಧ ಡಿಗ್ರಿ ಆಗಲಿ, ಈ ಪಟ್ಟಿಯಲ್ಲಿ ಕುಜನೊಬ್ಬನ ವಿಷಯದಲ್ಲಷ್ಟೇ ಸಂದೇಹ ಹುಟ್ಟುತ್ತದೆ. ರಾಶಿ ಕುಂಡಲಿ ಒಮ್ಮೆಲೇ ತಿರುಗಿಬೀಳುವ ಜಾಗದಲ್ಲಿ ಭಾವ ಕುಂಡಲಿ ಸ್ಥಿರವಾಗಿ ನಿಲ್ಲುವುದು ಹೀಗೆ.

ಹಂತ 8: ದಶೆಯ ಉಳಿಕೆ ತೆಗೆಯಿರಿ

ಚಂದ್ರ ಮೂಲಾ ನಕ್ಷತ್ರದಲ್ಲಿ 2 ಡಿಗ್ರಿ 59 ಕಲೆ ನಡೆದಿದ್ದಾನೆ ಎಂದಿಟ್ಟುಕೊಳ್ಳಿ. ನಕ್ಷತ್ರದ ಒಟ್ಟು ಉದ್ದ 13 ಡಿಗ್ರಿ 20 ಕಲೆಯಲ್ಲಿ ಉಳಿದದ್ದು ನೂರಕ್ಕೆ 77ಕ್ಕಿಂತ ಸ್ವಲ್ಪ ಹೆಚ್ಚು. ಕೇತು ದಶೆಯ 7 ವರ್ಷವನ್ನು ಇದರಿಂದ ಗುಣಿಸಿದರೆ ಉಳಿಕೆ ಸುಮಾರು 5 ವರ್ಷ 5 ತಿಂಗಳು. ಅಲ್ಲಿಗೆ ಕೇತು ದಶೆ 1900ರ ಅಕ್ಟೋಬರ್‌ವರೆಗೆ, ಶುಕ್ರ 1920ರವರೆಗೆ, ರವಿ 1926ರವರೆಗೆ, ಚಂದ್ರ 1936ರವರೆಗೆ, ಕುಜ 1943ರವರೆಗೆ, ರಾಹು 1961ರವರೆಗೆ, ಗುರು 1977ರವರೆಗೆ. ಅವರು ತೀರಿಕೊಂಡ 1986ರ ಫೆಬ್ರವರಿ 17 ಶನಿ ದಶೆಯಲ್ಲಿ ಬೀಳುತ್ತದೆ.

ರಾಮನ್ ಅಯನಾಂಶದಲ್ಲಿ ಚಂದ್ರ ಎರಡನೆಯ ಪಾದಕ್ಕೆ ಹೋಗುತ್ತಾನೆ, ಉಳಿಕೆ ಸುಮಾರು 4 ವರ್ಷ 8 ತಿಂಗಳಿಗೆ ಇಳಿಯುತ್ತದೆ, ದಶೆಗಳೆಲ್ಲ ಒಂಬತ್ತು ತಿಂಗಳಷ್ಟು ಹಿಂದೆ ಸರಿಯುತ್ತವೆ. ಮಹಾದಶೆ ನೋಡಿದರೆ ಇದು ಗೊತ್ತಾಗುವುದಿಲ್ಲ, ಭುಕ್ತಿಯಲ್ಲಿ (ಮಹಾದಶೆಯೊಳಗಿನ ಉಪ ಅವಧಿಯಲ್ಲಿ) ಎದ್ದು ಕಾಣುತ್ತದೆ. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮ್ಮೆನ್‌ನಲ್ಲಿ ಕೃಷ್ಣಮೂರ್ತಿಯವರು ತಮಗಾಗಿಯೇ ಇತರರು ಕಟ್ಟಿದ್ದ ನಕ್ಷತ್ರ ಸಂಘವನ್ನು (ಆರ್ಡರ್ ಆಫ್ ದ ಸ್ಟಾರ್) ವಿಸರ್ಜಿಸಿದರು. ಲಾಹಿರಿಯಂತೆ ಅದು ಚಂದ್ರ ದಶೆಯಲ್ಲಿ ರಾಹು ಭುಕ್ತಿಯ ಕೊನೆ. ರಾಮನ್ ಅವರಂತೆ ಚಂದ್ರ ದಶೆಯಲ್ಲಿ ಗುರು ಭುಕ್ತಿ. ಸಂಘ ಒಡೆದದ್ದಕ್ಕೆ ರಾಹುವನ್ನೂ ಹೇಳಬಹುದು, ಗುರುವನ್ನೂ ಹೇಳಬಹುದು. ಎರಡಕ್ಕೂ ಮಾತು ಸಿಗುತ್ತದೆ ಎಂಬ ಕಾರಣಕ್ಕೇ ಈ ಘಟನೆಯಿಂದ ಅಯನಾಂಶವನ್ನು ಸಾಬೀತು ಮಾಡಲು ಹೋಗಬೇಡಿ.

ಹಂತ 9: ಫಲ ಬರೆಯುವ ಮುನ್ನ

ಇಲ್ಲಿಯವರೆಗಿನ ಎಂಟು ಹಂತಗಳು ಬಹುಮಟ್ಟಿಗೆ ಗಣಿತ. ಯಾರು ಮಾಡಿದರೂ ಒಂದೇ ಉತ್ತರ ಬರಬೇಕು. ಫಲ ಸಂಪ್ರದಾಯದ ಮಾತು, ಅದನ್ನು ಗಣಿತದ ದನಿಯಲ್ಲಿ ಹೇಳಬಾರದು. ಉದಾಹರಣೆಗೆ, ಮೂಲಾ ಒಂದನೆಯ ಪಾದ ಎಂದ ಕೂಡಲೇ ತಂದೆಗೆ ಕಂಟಕ ಎಂದು ಸಿದ್ಧವಾಕ್ಯ ಬರೆಯುವವರು ಬಹಳ. ಕೃಷ್ಣಮೂರ್ತಿಯವರ ತಂದೆ ಜಿಡ್ಡು ನಾರಾಯಣಯ್ಯನವರು 1912ರಲ್ಲಿ, ಮಗನಿಗೆ ಹದಿನೇಳು ವರ್ಷವಾಗಿದ್ದಾಗ, ಅವನನ್ನು ಮರಳಿ ಪಡೆಯಲು, ಅವನ ಪಾಲಕರಾಗಿದ್ದ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟರ ಮೇಲೆ ದಾವೆ ಹೂಡಿದ್ದರು. ಬಾಲ್ಯದಲ್ಲಿ ಕಳೆದುಹೋದವರು ತಾಯಿ ಸಂಜೀವಮ್ಮ, 1905ರಲ್ಲಿ. ಇದೇ ನಕ್ಷತ್ರಪಾದದಲ್ಲಿ ಹುಟ್ಟಿದ ಮಕ್ಕಳ ಮನೆಗಳಲ್ಲಿ ಆ ಸಿದ್ಧವಾಕ್ಯ ಎಷ್ಟು ಭಯ ಹುಟ್ಟಿಸುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ದಯವಿಟ್ಟು ಅದನ್ನು ನಕಲು ಮಾಡಬೇಡಿ.

ಕೊನೆಯದಾಗಿ, ಕುಂಡಲಿಯ ಕೆಳಗೆ ಐದು ವಿವರಗಳನ್ನು ತಪ್ಪದೆ ಬರೆಯಿರಿ: ಇಂಗ್ಲಿಷ್ ತಾರೀಖು 12 ಮೇ 1895; ಸಮಯ 00:30; ಕಾಲವಲಯ ಪೂರ್ವ 5:14, ಸ್ಥಳೀಯ ಮಧ್ಯಮ ಕಾಲ; ಅಕ್ಷಾಂಶ ರೇಖಾಂಶ; ಅಯನಾಂಶದ ಹೆಸರು. ಅದರ ಪಕ್ಕದಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ, ಲಗ್ನ ಸಂಧಿಯಲ್ಲಿದೆ ಎಂದು ಬರೆಯಿರಿ. ನಿಮ್ಮ ಕುಂಡಲಿಯನ್ನು ಕೈಗೆತ್ತಿಕೊಳ್ಳುವ ಮುಂದಿನವರು ಮೊದಲು ಓದಬೇಕಾದ ಸಾಲು ಅದು.